ಸೊಂಟಕ್ಕೆ ಕಟ್ಟುವ ಮೈಕ್: ಒಂದು ಶಾಲಾವರ್ಷ ಬಳಸಿದ ಮೇಲೆ

ಪಾಠ ಮಾಡುವವರಿಗೆ ಅಂತಲೇ ಮಾರುವ ಪುಟ್ಟ ಸ್ಪೀಕರ್ ಇದೆಯಲ್ಲ, ಸೊಂಟಕ್ಕೆ ಬೆಲ್ಟ್‌ನಲ್ಲಿ ಕಟ್ಟಿಕೊಂಡು ತಲೆಗೆ ವೈರಿನ ಮೈಕ್ ಸಿಕ್ಕಿಸಿಕೊಳ್ಳುವಂಥದ್ದು, ಅದನ್ನು ಹೋದ ಆಗಸ್ಟ್‌ನಲ್ಲಿ 1,350 ರೂಪಾಯಿ ಕೊಟ್ಟು ತಗೊಂಡೆ. ಮಾರ್ಚ್ ಕೊನೆಯವರೆಗೆ ದಿನಾ ಬಳಸಿದ್ದೇನೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ಡಬ್ಬ ಹತ್ತಾರು ಹೆಸರಲ್ಲಿ ಸಿಗುತ್ತದೆ, ನನ್ನ ಮಾತು ಅವೆಲ್ಲಕ್ಕೂ ಹೆಚ್ಚುಕಮ್ಮಿ ಹೊಂದುತ್ತದೆ.

ನಾನು ಶಿವಮೊಗ್ಗ ಜಿಲ್ಲೆಯ, ಮಳೆ ಜೋರಾಗಿ ಹಿಡಿಯುವ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನಕ್ಕೆ ಅತಿಥಿ ಶಿಕ್ಷಕಿ. ಬಿ.ಎಡ್. ಮುಗಿಸಿದ ಮೇಲೆ ಇದು ಮೊದಲ ವರ್ಷ. ಎಂಟನೇ ತರಗತಿಯ ಒಂದು ಕೋಣೆ ಸೋರುತ್ತಿದ್ದರಿಂದ ಎರಡೂ ಸೆಕ್ಷನ್ ಸೇರಿಸಿ ಒಂದೇ ಕಡೆ ಕೂರಿಸಿದ್ದರು. 58 ಮಕ್ಕಳು. ಮೇಲೆ ಶೀಟಿನ ಮಾಡು. ಜೂನ್ ಮೂರನೇ ವಾರ ಮಳೆ ಹಿಡಿಯಿತು. ಶೀಟಿನ ಮೇಲೆ ಮಳೆ ಬೀಳುವ ಸದ್ದು ಒಳಗೆ ಕೂತವರಿಗೇ ಗೊತ್ತು. ಪಕ್ಕದವರು ಬಾಯಿ ಆಡಿಸುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಹಿಂದಿನ ಬೆಂಚಿನಿಂದ "ಮಿಸ್, ಕೇಳ್ಸಲ್ಲ" ಅನ್ನುವವರು, ನಾನು ಇನ್ನೂ ಜೋರಾಗಿ ಕೂಗುವವಳು. ದಿನಕ್ಕೆ ಐದು ಪೀರಿಯಡ್.

ಜುಲೈ ಮುಗಿಯುವ ಹೊತ್ತಿಗೆ ಗಂಟಲು ಪೂರ್ತಿ ಕಟ್ಟಿತು. ಅಮ್ಮ ಕಾಳುಮೆಣಸಿನ ಕಷಾಯ ಮಾಡಿಕೊಟ್ಟರು, ಉಪ್ಪುನೀರು ಮುಕ್ಕಳಿಸಿದೆ, ಜೇನು ತಿಂದೆ. ಸ್ಟಾಫ್ ರೂಮಿನಲ್ಲಿ ಗಂಟಲಿಗೆ ವಿಶ್ರಾಂತಿ ಅಂತ ಪಿಸುಗುಡುತ್ತಿದ್ದೆ. ಕೊನೆಗೆ ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಹೋದಾಗ ಅವರು ಸಣ್ಣ ಕ್ಯಾಮೆರಾ ಬಿಟ್ಟು ಪರದೆಯಲ್ಲಿ ನನ್ನ ಧ್ವನಿತಂತುಗಳನ್ನು ತೋರಿಸಿದರು. ಅಂಚು ಕೆಂಪಾಗಿ ಊದಿತ್ತು. "ಇನ್ನೂ ಗಂಟಾಗಿಲ್ಲ, ಹೀಗೇ ಕೂಗಿದರೆ ಆಗುತ್ತೆ. ಪಿಸುಗುಡೋದೂ ಬೇಡ, ಅದೂ ಗಂಟಲಿಗೆ ಭಾರವೇ. ಮಾತಾಡಿದರೆ ಮೆಲ್ಲಗೆ, ಮಾಮೂಲಿ ಧ್ವನಿಯಲ್ಲಿ ಮಾತಾಡಿ, ಇಲ್ಲದಿದ್ದರೆ ಸುಮ್ಮನಿರಿ" ಅಂದರು. ಹೆಂಗಸರು ಮಾತಾಡುವಾಗ ಆ ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ಬಡಿಯುತ್ತವೆ. ಬಿಡದೆ ಮಾತಾಡಿದರೆ 40 ನಿಮಿಷದ ಒಂದು ಪೀರಿಯಡ್‌ಗೆ ಸುಮಾರು 4.8 ಲಕ್ಷ ಬಡಿತ. ಪಾಠ ಹೇಳುವುದು ದೇಹದ ಕೆಲಸವೂ ಹೌದು ಅಂತ ನನಗೆ ಬಿ.ಎಡ್.ನಲ್ಲಿ ಯಾರೂ ಹೇಳಿರಲಿಲ್ಲ. ಎರಡು ವರ್ಷ ಕಲಿತು ಬಂದವಳಿಗೆ ಉಸಿರು ಹೇಗೆ ಬಿಡಬೇಕು ಅನ್ನುವುದೇ ಗೊತ್ತಿರಲಿಲ್ಲ.

ಹಾಗೆ ಬಂತು ಈ ಮೈಕ್. ಗಂಟಲಿನ ವಿಷಯಕ್ಕೆ ಬಂದರೆ ಹಾಕಿದ ದುಡ್ಡಿಗೆ ಮೋಸವಿಲ್ಲ. ಹತ್ತು ದಿನದಲ್ಲಿ ನೋವು ಇಳಿಯಿತು, ಸೆಪ್ಟೆಂಬರ್ ಹೊತ್ತಿಗೆ ನನ್ನ ಧ್ವನಿ ನನಗೆ ವಾಪಸ್ ಸಿಕ್ಕಿತು. ಹದವಾದ ಮಳೆಯಲ್ಲಿ ಕೊನೆಯ ಬೆಂಚಿಗೂ ಮಾತು ಮುಟ್ಟುತ್ತದೆ. ಧೋ ಎಂದು ಸುರಿಯುವಾಗ ಯಾವ ಮೈಕೂ ಸಾಲದು. ಆಗ ಬೋರ್ಡಿನ ಮೇಲೆ ಬರೆದು ಚಿತ್ರ ಬಿಡಿಸುತ್ತೇನೆ, ಮಕ್ಕಳೂ ಬರೆಯುತ್ತಾರೆ, ಮಳೆ ತಗ್ಗುವವರೆಗೆ ಕಾಯುತ್ತೇವೆ.

ಆದರೆ ಗಲಾಟೆ ಅಡಗಿಸಲು ಇದನ್ನು ಕೊಳ್ಳುವವರಿದ್ದರೆ ಬೇಡ ಅನ್ನುತ್ತೇನೆ. ಮೊದಲ ವಾರ ಹೊಸ ವಸ್ತುವಿನ ಬೆರಗಿಗೆ ತರಗತಿ ಗಪ್‌ಚಿಪ್ ಇತ್ತು. ಎರಡನೇ ವಾರ ನಾನು ಮೈಕಿನಲ್ಲೇ "ಸೈಲೆನ್ಸ್" ಅಂತ ಕೂಗಿದೆ, ಅವರ ಗುಜುಗುಜು ಅದರ ಮೇಲಕ್ಕೆ ಏರಿತು. ಸುತ್ತ ಸದ್ದು ಹೆಚ್ಚಿದಷ್ಟೂ ಮನುಷ್ಯ ತನಗೇ ತಿಳಿಯದೆ ಧ್ವನಿ ಏರಿಸುತ್ತಾನೆ. ಫ್ರಾನ್ಸಿನ ಎಟಿಯೆನ್ ಲೊಂಬಾರ್ಡ್ ಎಂಬ ಕಿವಿ-ಗಂಟಲಿನ ವೈದ್ಯ 1911ರಲ್ಲೇ ಇದನ್ನು ಬರೆದಿಟ್ಟಿದ್ದಾನೆ, ಅವನ ಹೆಸರಲ್ಲೇ ಲೊಂಬಾರ್ಡ್ ಪರಿಣಾಮ ಅನ್ನುತ್ತಾರೆ. ಅಂದರೆ ನನ್ನ ಸ್ಪೀಕರೇ ಅವರ ಗಲಾಟೆಯನ್ನು ಏರಿಸುತ್ತಿತ್ತು. ವಾಲ್ಯೂಮ್ ಅರ್ಧಕ್ಕಿಂತ ಕೆಳಗಿಳಿಸಿ, ಮಾತು ಶುರು ಮಾಡುವ ಮುಂಚೆ ಸುಮ್ಮನೆ ನಿಂತು ನೋಡಿದೆ. ಮುಂದಿನ ಬೆಂಚಿನವರು ಹಿಂದಿನವರಿಗೆ "ಶ್" ಅಂದರು. ಆವತ್ತಿನಿಂದ ಆ ಪದ ನಾನು ಮೈಕಿನಲ್ಲಿ ಆಡಿಲ್ಲ.

ಈ ವಸ್ತು ನನಗೆ ಕೊಟ್ಟ ದೊಡ್ಡ ಲಾಭ ಬೇರೆ. ಕಿಟಕಿ ಕಡೆಯ ಮೂರನೇ ಬೆಂಚಿನಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ಪ್ರಶ್ನೆ ಕೇಳಿದರೆ ಮುಖ ಮುಖ ನೋಡುವವನು, ಬರೆಯಲು ಹೇಳಿದರೆ ಪಕ್ಕದವನ ಪುಸ್ತಕ ನೋಡುವವನು. ಗಮನ ಇಲ್ಲ ಅಂತ ಎರಡು ಸಲ ಅವನನ್ನು ಹೊರಗೆ ನಿಲ್ಲಿಸಿದ್ದೆ. ಮೈಕ್ ಬಂದ ಎರಡನೇ ವಾರ ಸೂಕ್ಷ್ಮಜೀವಿಗಳ ಪಾಠ. ಹಾಲು ಮೊಸರಾಗಲು ಯಾವ ಬ್ಯಾಕ್ಟೀರಿಯಾ ಕಾರಣ ಅಂತ ಕೇಳಿದಾಗ ಅವನ ಕೈ ಮೇಲೆ ಹೋಯಿತು. "ಲ್ಯಾಕ್ಟೋಬ್ಯಾಸಿಲಸ್" ಅಂದ, ಒಂದಕ್ಷರ ತಪ್ಪಿಲ್ಲದೆ. ಮಧ್ಯಾಹ್ನ ಊಟದ ಸಾಲಿನಲ್ಲಿ ಅವನ ಬೆನ್ನ ಹಿಂದೆ ನಿಂತು, ಮೈಕ್ ಇಲ್ಲದೆ, ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ಅವನ ಹಿಂದೆ ತಟ್ಟೆ ಹಿಡಿದು ನಿಂತಿದ್ದ ಹುಡುಗಿ "ಮಿಸ್, ಅವ್ನಿಗೆ ಕಿವಿ ಸೋರುತ್ತೆ" ಅಂದಳು. ಅವಳಿಗೆ ಗೊತ್ತಿತ್ತು. ಇಡೀ ತರಗತಿಗೆ ಗೊತ್ತಿತ್ತು.

ಅವನ ತಾಯಿ ಕಿವಿಗೆ ಬೆಚ್ಚಗಿನ ಎಣ್ಣೆ ಬಿಡುತ್ತಿದ್ದರಂತೆ. ಸೋರುವ ಕಿವಿಗೆ ಎಣ್ಣೆ ಬಿಡಬಾರದು, ಕಿವಿತಮಟೆಯಲ್ಲಿ ತೂತಿದ್ದರೆ ಒಳಗೆ ಹೋಗಿ ಕೆಡುತ್ತದೆ. ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ. 2013ರಲ್ಲಿ ಶುರುವಾದ ಯೋಜನೆ ಅದು, ಹುಟ್ಟಿನಿಂದ 18 ವರ್ಷದವರೆಗಿನವರಿಗೆ, ಕಿವಿ ಕೇಳಿಸದ ತೊಂದರೆಯೂ ಅದರ ಪಟ್ಟಿಯಲ್ಲಿದೆ. ತಂಡ ಬಂದಾಗ ಅವನ ಹೆಸರನ್ನು ಮೊದಲು ಬರೆಸಿದೆ. ಅಲ್ಲಿಂದ ಚೀಟಿ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಿದರು. ಬಲಗಿವಿಯ ತಮಟೆಯಲ್ಲಿ ತೂತು ಇತ್ತು. ಈಗ ಚಿಕಿತ್ಸೆ ನಡೆದಿದೆ. ಅವನನ್ನು ಎಡಗಿವಿ ನನ್ನ ಕಡೆ ಬರುವ ಹಾಗೆ ಮುಂದೆ ಕೂರಿಸಿದ್ದೇನೆ. ಹೊರಗೆ ನಿಲ್ಲಿಸಿದ್ದಕ್ಕೆ ಅವನ ಹತ್ತಿರ ಕ್ಷಮೆ ಕೇಳಿದೆ. "ಪರ್ವಾಗಿಲ್ಲ ಮಿಸ್" ಅಂದ. ಆ ಮಾತು ಈಗಲೂ ನೆನಪಾದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಇನ್ನೊಂದು, ರೆಕಾರ್ಡ್ ಬಟನ್. ನನ್ನ ಡಬ್ಬಕ್ಕೆ ಮೆಮೊರಿ ಕಾರ್ಡ್ ಹಾಕುವ ಸಂದು ಇದೆ. ನವೆಂಬರ್‌ನಲ್ಲಿ 'ಶಬ್ದ' ಪಾಠಕ್ಕೆ ಅಂತ ಹಳೇ ಫೋನಿನ ಕಾರ್ಡ್‌ನಲ್ಲಿ ಕೊಳಲು, ವೀಣೆ, ಡೊಳ್ಳಿನ ಸದ್ದು ತುಂಬಿಸಿಕೊಂಡು ಹೋಗಿದ್ದೆ. ಸ್ಪೀಕರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಮೇಲೆ ತೆಳುವಾದ ಪ್ಲಾಸ್ಟಿಕ್ ಕವರ್ ಬಿಗಿದು, ಒಂದು ಚಿಟಿಕೆ ರಾಗಿ ಚೆಲ್ಲಿ, ಡೊಳ್ಳು ಹಾಕಿದೆ. ಪ್ರತಿ ಏಟಿಗೂ ರಾಗಿಕಾಳು ಪುಟಿದವು. ಕೊಳಲಿಗೆ ಬದಲಾಯಿಸಿದರೆ ಕುಣಿತ ನಿಂತು ಕಾಳು ಸಣ್ಣಗೆ ನಡುಗಿದವು. 58 ಮಕ್ಕಳೂ ಸಾಲಾಗಿ ಬಂದು ನೋಡಿದರು, ಕೆಲವರು ಬೆರಳಿಟ್ಟು ಕಂಪನ ಮುಟ್ಟಿದರು. ಗಂಡಸರ ಧ್ವನಿತಂತು ಸುಮಾರು 20 ಮಿಲಿಮೀಟರ್, ಹೆಂಗಸರದ್ದು ಸುಮಾರು 15 ಅಂತ ಪಾಠದಲ್ಲಿದೆ. ಒಬ್ಬ ಹುಡುಗಿ ಸ್ಕೇಲಿನಲ್ಲಿ 15ರ ಗೆರೆಗೆ ಉಗುರಿಟ್ಟು ನನ್ನ ಕತ್ತಿನ ಹತ್ತಿರ ಹಿಡಿದು "ಇಷ್ಟೇನಾ ಮಿಸ್?" ಅಂದಳು. ಇಷ್ಟೇ ಅಂದೆ.

ಆವತ್ತು ಸಂಜೆ ಕಾರ್ಡ್ ತೆಗೆದು ನೋಡಿದರೆ ನಾನು ಹಾಕದ ಒಂದು ಫೈಲ್ ಇತ್ತು. ಬೆಲ್ಟ್ ಸರಿಪಡಿಸುವಾಗ ಬಟನ್ ಒತ್ತಿಹೋಗಿ, ಮುಂದಿನ ಪೀರಿಯಡ್ ಪೂರ್ತಿ ರೆಕಾರ್ಡ್ ಆಗಿತ್ತು. 37 ನಿಮಿಷ. ರಾತ್ರಿ ಊಟ ಆದ ಮೇಲೆ ಇಯರ್‌ಫೋನ್ ಹಾಕಿ ಕೇಳಿದೆ. ಒಂಬತ್ತನೇ ತರಗತಿಗೆ ನಾನು 31 ಪ್ರಶ್ನೆ ಕೇಳಿದ್ದೆ, 26ಕ್ಕೆ ನಾನೇ ಉತ್ತರ ಹೇಳಿದ್ದೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಉಸಿರೆಳೆಯುವಷ್ಟೂ ಜಾಗ ಇರಲಿಲ್ಲ. ಒಂದು ಕಡೆ ಯಾವುದೋ ಹುಡುಗಿ "ಮಿಸ್, ಅದು..." ಅಂತ ಶುರು ಮಾಡಿದ್ದಾಳೆ, ಅದರ ಮೇಲೆಯೇ ನನ್ನ ದನಿ ಹತ್ತಿಕೊಂಡು ಹೋಗಿದೆ. ಅವಳು ಯಾರು ಅಂತ ಐದಾರು ಸಲ ಹಿಂದಕ್ಕೆ ಹಾಕಿ ಕೇಳಿದೆ, ಗೊತ್ತಾಗಲಿಲ್ಲ.

ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಇದನ್ನೇ ಅಳೆದು ತೋರಿಸಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸುಮಾರು ಒಂದು ಸೆಕೆಂಡ್ ಮಾತ್ರ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ ಅಂತ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವಳು. ನನ್ನದೇ ಧ್ವನಿಯಲ್ಲಿ ಕೇಳುವವರೆಗೆ ಅದು ನನ್ನ ಬಗ್ಗೆಯೇ ಹೇಳಿದ ಮಾತು ಅಂತ ಹೊಳೆದಿರಲಿಲ್ಲ.

ಮಾರನೇ ದಿನದಿಂದ ಪ್ರಶ್ನೆ ಕೇಳಿದ ಕೂಡಲೇ ಮೈಕಿನ ಕಡ್ಡಿಯನ್ನು ಬಾಯಿಂದ ಪಕ್ಕಕ್ಕೆ ಸರಿಸುವುದು ರೂಢಿ ಮಾಡಿಕೊಂಡೆ. ಕಡ್ಡಿ ಪಕ್ಕದಲ್ಲಿದ್ದಾಗ ಮಾತಾಡಬಾರದು ಅಂತ ನನಗೆ ನಾನೇ ಹಾಕಿಕೊಂಡ ಕಟ್ಟು. ಮೂರು ಸೆಕೆಂಡ್ ಅಷ್ಟು ಉದ್ದ ಇರುತ್ತದೆ ಅಂತ ತರಗತಿಯ ಮುಂದೆ ನಿಂತಾಗಲೇ ತಿಳಿಯುವುದು. ಮೊದಮೊದಲು ಮಕ್ಕಳು ಗಾಬರಿಯಾದರು, ಮಿಸ್‌ಗೆ ಮರೆತುಹೋಯ್ತು ಅಂದುಕೊಂಡರು. ಡಿಸೆಂಬರ್ ಹೊತ್ತಿಗೆ ಒಗ್ಗಿಕೊಂಡರು. ಫೆಬ್ರವರಿಯಲ್ಲಿ ಬೇಕಂತಲೇ ಇನ್ನೊಂದು ಪೀರಿಯಡ್ ರೆಕಾರ್ಡ್ ಮಾಡಿದೆ. ಅದರಲ್ಲಿ 14 ಪ್ರಶ್ನೆ. ಒಂದರ ನಂತರ ಏಳು ಸೆಕೆಂಡ್ ಯಾರದ್ದೂ ಮಾತಿಲ್ಲ. ಬೆಂಚು ಕಿರುಗುಟ್ಟುತ್ತದೆ, ಹೊರಗೆ ಕಾಗೆ ಕೂಗುತ್ತದೆ, ಆಮೇಲೆ ಹಿಂದಿನಿಂದ ಒಂದು ದನಿ, "ಮಿಸ್, ತಪ್ಪಾದ್ರೂ ಹೇಳ್ಲಾ?" ಆ ಫೈಲನ್ನು ಇಟ್ಟುಕೊಂಡಿದ್ದೇನೆ.

ಇನ್ನು ವಸ್ತುವಿನ ಒಳಿತು ಕೆಡುಕು. ಬ್ಯಾಟರಿ ಗಟ್ಟಿ, ರಾತ್ರಿ ಚಾರ್ಜ್‌ಗೆ ಹಾಕಿದರೆ ಐದು ಪೀರಿಯಡ್ ಆರಾಮಾಗಿ ಬರುತ್ತದೆ. ಮೈಕ್ ಸ್ಪೀಕರ್ ಹತ್ತಿರ ಬಂದರೆ ಕೀಂಯ್ ಅನ್ನುತ್ತದೆ, ಬಗ್ಗಿ ಮಕ್ಕಳ ಪುಸ್ತಕ ನೋಡುವಾಗ ತಪ್ಪದೆ ಆಗುವುದು ಇದೇ. ಬಗ್ಗುವ ಮುಂಚೆ ಆಫ್ ಮಾಡುವುದೇ ದಾರಿ. ಸೀರೆ ಉಟ್ಟ ದಿನ ನೆರಿಗೆ ಜಗ್ಗುತ್ತದೆ, ಬೆಲ್ಟನ್ನು ಸೊಂಟದ ಪಕ್ಕಕ್ಕೆ ತಿರುಗಿಸಿಕೊಂಡರೆ ಸರಿ. ಚೂಡಿದಾರದಲ್ಲಿ ದುಪ್ಪಟ್ಟಾ ವೈರಿಗೆ ಸುತ್ತಿಕೊಳ್ಳುತ್ತದೆ, ಪಿನ್ ಹಾಕಬೇಕು. ದೊಡ್ಡ ದೋಷ ವೈರ್. ಸ್ಪೀಕರಿಗೆ ಚುಚ್ಚುವ ಪಿನ್ನಿನ ಬುಡದಲ್ಲಿ ಐದನೇ ತಿಂಗಳಿಗೇ ಬಿಟ್ಟುಕೊಂಡು ಮಾತು ಕಡಿದು ಕಡಿದು ಬರತೊಡಗಿತು. ಪೇಟೆಯ ಮೊಬೈಲ್ ರಿಪೇರಿಯವರು 80 ರೂಪಾಯಿಗೆ ಬೆಸುಗೆ ಹಾಕಿ, ಮೇಲೆ ರಬ್ಬರ್ ಕೊಳವೆ ಹಾಕಿಕೊಟ್ಟರು. ಅದಾದ ಮೇಲೆ ತಕರಾರಿಲ್ಲ. ಇಷ್ಟು ಬೆಲೆಯ ವಸ್ತುವಿಗೆ ಆ ಕೊಳವೆಯನ್ನು ತಯಾರಿಸುವಾಗಲೇ ಹಾಕಬಹುದಿತ್ತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಜೂನ್‌ನಲ್ಲಿ ಕೆಲಸಕ್ಕೆ ಸೇರುವವರು ಗಂಟಲು ಕೆಡುವವರೆಗೆ ಕಾಯದೆ ಮೊದಲ ಸಂಬಳದಲ್ಲೇ ತಗೊಳ್ಳಿ. ನೂರಿನ್ನೂರು ಹೆಚ್ಚಾದರೂ ರೆಕಾರ್ಡ್ ಬಟನ್ ಇರುವುದನ್ನೇ ನೋಡಿ. ಮೈಕಿನ ತುದಿಯ ಸ್ಪಂಜು ಮಳೆಗಾಲದಲ್ಲಿ ಒದ್ದೆಯಾಗಿ ವಾಸನೆ ಹಿಡಿಯುತ್ತದೆ, ಬೇಗ ಕಳೆದೂ ಹೋಗುತ್ತದೆ. ಅಂಗಡಿಯವರನ್ನು ಕೇಳಿ ಇನ್ನೆರಡು ಇಸ್ಕೊಂಡು ಬನ್ನಿ.