ಮನೆ ಡ್ರೈಯರ್ ಪ್ಯಾನೆಲ್‌ಗೆ ವೈರಿಂಗ್ ಡಯಾಗ್ರಾಮ್: ಕ್ಯೂಎಲೆಕ್ಟ್ರೋಟೆಕ್ ಬಳಸುತ್ತಾ ಬಂದವನ ವಿಮರ್ಶೆ

ನೇರವಾಗಿ ಹೇಳಿಬಿಡುತ್ತೇನೆ. ಮನೆಮಟ್ಟದ ಹೀಟರ್ ಪ್ಯಾನೆಲ್, ಡ್ರೈಯರ್, ಪಂಪ್ ಸ್ಟಾರ್ಟರ್ ಇಂಥದ್ದಕ್ಕೆಲ್ಲ ವೈರಿಂಗ್ ಡಯಾಗ್ರಾಮ್ ಬರೆಯೋದಿದ್ದರೆ ಕ್ಯೂಎಲೆಕ್ಟ್ರೋಟೆಕ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ. ದುಡ್ಡು ಕೊಡಬೇಕಿಲ್ಲ, ಓಪನ್ ಸೋರ್ಸ್, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಕೆಲವು ವರ್ಷದಿಂದ ನನ್ನ ಎಲ್ಲ ಡಯಾಗ್ರಾಮೂ ಇದರಲ್ಲೇ ಇದೆ. ನಡುನಡುವೆ ಬೇರೆಯವನ್ನೂ ನೋಡಿದೆ, ಕೆಲವನ್ನು ಈಗಲೂ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಯಾವುದು ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ನನ್ನ ಕೆಲಸ ಏನು ಅಂತ ಗೊತ್ತಾಗಬೇಕಲ್ವಾ. ನಮ್ಮದು ಹೊಸನಗರ ಕಡೆ ತೋಟ. ಅಡಿಕೆ, ಮೆಣಸು, ಸ್ವಲ್ಪ ಏಲಕ್ಕಿ, ಜಾಯಿಕಾಯಿ, ಬೇಲಿ ಪಕ್ಕ ನಾಲ್ಕಾರು ಮುರುಗಲು ಮರ. ಮುರುಗಲು ಕೈಗೆ ಸಿಗೋ ಹೊತ್ತಿಗೆ ಮಳೆ ಬಾಗಿಲಿಗೆ ಬಂದಿರುತ್ತದೆ, ಸಿಪ್ಪೆ ಒಣಗಿಸೋಕೆ ಬಿಸಿಲಿಲ್ಲ. ಜಾಪತ್ರೆಯದ್ದೂ ಅದೇ ಕಥೆ, ಎರಡು ದಿನ ಮೋಡ ಹಿಡಿದರೆ ಬೂಸ್ಟು ಬರುತ್ತದೆ. ಅದಕ್ಕೇ ತಗಡಿನ ಪೆಟ್ಟಿಗೆಯ ಒಂದು ಸಣ್ಣ ಡ್ರೈಯರ್ ಮಾಡಿಕೊಂಡಿದ್ದೇವೆ. ಒಳಗೆ 3 ಕಿಲೋವ್ಯಾಟ್ ಹೀಟರ್, ಒಂದು ಬ್ಲೋವರ್. ಹೊರಗೆ ಪ್ಯಾನೆಲ್‌ನಲ್ಲಿ ಪಿಐಡಿ ಕಂಟ್ರೋಲರ್ (ಬಿಸಿಯನ್ನು ಹೇಳಿದ ಡಿಗ್ರಿಯಲ್ಲಿ ಹಿಡಿಯೋದು), ಎಸ್‌ಎಸ್‌ಆರ್ (ಅದು ಹೇಳಿದಂತೆ ಹೀಟರನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್), ಎರಡು ಕಾಂಟ್ಯಾಕ್ಟರ್ (ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಎಳೆದು ಮುಚ್ಚಿಕೊಳ್ಳುವ ದೊಡ್ಡ ಸ್ವಿಚ್), ಎಂಸಿಬಿ (ಕರೆಂಟ್ ಹೆಚ್ಚಾದರೆ ಬೀಳೋದು), ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳೋದು). ಇಷ್ಟಕ್ಕೆ ಡಯಾಗ್ರಾಮ್ ಬೇಕಾ ಅಂತ ಕೇಳುವವರಿದ್ದಾರೆ. ಬೇಕು. ಪ್ಯಾನೆಲ್ ಕಟ್ಟಿದ ದಿನ ಎಲ್ಲಾ ತಲೆಯಲ್ಲಿರುತ್ತದೆ. ಎರಡು ವರ್ಷ ಬಿಟ್ಟು ಜುಲೈ ರಾತ್ರಿ ಹೀಟರ್ ಆನ್ ಆಗದೆ ಹೋದಾಗ ಬಾಗಿಲು ತೆಗೆದು ನೋಡಿದರೆ ಎಲ್ಲಾ ತಂತಿಯೂ ಒಂದೇ ಥರ ಕಾಣುತ್ತದೆ.

ಹೀಟರ್, ಪಿಐಡಿ, ಎಸ್‌ಎಸ್‌ಆರ್ ಇರುವ ಪ್ಯಾನೆಲ್‌ನ ಡಯಾಗ್ರಾಮ್ ಹುಡುಕಿದರೆ ನಿಮಗೂ ಸಿಗೋದು ಜಾಸ್ತಿ ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಬರೆದದ್ದೇ. ಅವರಿಗೂ ಬೇಕಾಗಿರೋದು ಇದೇ ತಾನೇ: ನೀರನ್ನು ಹೇಳಿದ ಡಿಗ್ರಿಯಲ್ಲಿ ಹಿಡಿದಿಡಬೇಕು, ಪಂಪ್ ಓಡಬೇಕು, ಏನಾದರೂ ಎಡವಟ್ಟಾದರೆ ಎಲ್ಲ ಒಟ್ಟಿಗೆ ಆಫ್ ಆಗಬೇಕು. ಮಾಲ್ಟ್ ನೆನೆಸುವಾಗ 65ರಿಂದ 68 ಡಿಗ್ರಿ ಆಚೀಚೆ ಆಗದಂತೆ ನೋಡಿಕೊಳ್ಳಬೇಕು, ಹಾಗಾಗಿ ಕಂಟ್ರೋಲರ್ ವಿಷಯದಲ್ಲಿ ಅವರು ತುಂಬಾ ಶ್ರದ್ಧೆಯಿಂದ ಕೆಲಸ ಮಾಡಿದ್ದಾರೆ. ನಾನು ಕಲಿತದ್ದು ಬಹಳಷ್ಟು ಅವರಿಂದಲೇ. ಆದರೆ ಆ ಡಯಾಗ್ರಾಮನ್ನು ಹಾಗೇ ತಂದು ಇಲ್ಲಿ ಜೋಡಿಸಬೇಡಿ. ಅಲ್ಲಿ ಮನೆಗೆ ಬರೋದು 120 ವೋಲ್ಟಿನ ಎರಡು ಲೈವ್ ತಂತಿ, ಜೊತೆಗೆ ಒಂದು ನ್ಯೂಟ್ರಲ್. ಎರಡು ಲೈವ್ ನಡುವೆ 240 ವೋಲ್ಟ್ ಸಿಗುತ್ತದೆ, ಹೀಟರ್ ಅದಕ್ಕೆ ಕೂರುತ್ತದೆ. ಪಂಪ್ ಸಾಮಾನ್ಯವಾಗಿ ಒಂದು ಲೈವ್ ಮತ್ತು ನ್ಯೂಟ್ರಲ್ ನಡುವಿನ 120ಕ್ಕೆ. ನಮ್ಮಲ್ಲಿ ಒಂದು ಫೇಸು, ಒಂದು ನ್ಯೂಟ್ರಲ್, ನಡುವೆ 230, ಮುಗಿಯಿತು. ಅವರ 5500 ವ್ಯಾಟ್ ಹೀಟರ್ 240ರಲ್ಲಿ ಸುಮಾರು 23 ಆಂಪಿಯರ್ ಎಳೆಯುತ್ತದೆ, ನಮ್ಮ 16 ಆಂಪ್ ಸಾಕೆಟ್‌ಗೆ ಅದು ಹೇಳಿದ್ದಲ್ಲ. ನಮ್ಮ 3 ಕಿಲೋವ್ಯಾಟ್‌ಗೆ 13 ಆಂಪ್, 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಸಾಕು. ಅಂದರೆ ಐಡಿಯಾ ಅವರದ್ದು ತಗೊಂಡರೂ ಡಯಾಗ್ರಾಮ್ ನಾವೇ ಹೊಸದಾಗಿ ಬರೆಯಬೇಕು. ಸಾಫ್ಟ್‌ವೇರ್ ಪ್ರಶ್ನೆ ಬರೋದು ಇಲ್ಲೇ.

ಆ ಡಯಾಗ್ರಾಮ್‌ಗಳಲ್ಲಿ ಬಹಳಷ್ಟು ಚಿತ್ರದ ಥರ ಇರುತ್ತವೆ. ಎಸ್‌ಎಸ್‌ಆರ್ ಫೋಟೋ, ಸ್ವಿಚ್ಚಿನ ಬೆನ್ನು, ಅದರಿಂದ ಅದಕ್ಕೆ ಬಣ್ಣದ ಗೆರೆಗಳು. ಮೊದಲ ಸಲ ಕಟ್ಟುವವರಿಗೆ ಅದು ಒಳ್ಳೆಯದು, ಕೆಂಪು ಗೆರೆ ಇದ್ದಲ್ಲಿ ಕೆಂಪು ವೈರ್ ಹಾಕಿದರಾಯಿತು. ಫಾಲ್ಟ್ ಹುಡುಕುವಾಗ ಅದು ಪ್ರಯೋಜನಕ್ಕೆ ಬರೋದಿಲ್ಲ. ಕರೆಂಟ್ ಎಲ್ಲಿಂದ ಹೊರಟು ಯಾವ ಯಾವ ಕಾಂಟ್ಯಾಕ್ಟ್ ದಾಟಿ ಎಲ್ಲಿಗೆ ಬಂತು ಅನ್ನೋದು ಅದರಲ್ಲಿ ಕಾಣೋದಿಲ್ಲ. ಅದು ಬೇಕಾದರೆ ಸಿಂಬಲ್ ಹಾಕಿ, ಮೇಲಿನಿಂದ ಕೆಳಕ್ಕೆ ಓದುವ ಹಾಗೆ ಬರೆದ ಸರ್ಕ್ಯೂಟ್ ಬೇಕು. ಕ್ಯೂಎಲೆಕ್ಟ್ರೋಟೆಕ್ ಮಾಡಿರೋದೇ ಇದಕ್ಕೆ.

ಒಂದು ಉದಾಹರಣೆ ಹತ್ತಿರದಿಂದ ತೋರಿಸುತ್ತೇನೆ. ಬ್ಲೋವರ್ ಓಡದೆ ಹೀಟರ್ ಆನ್ ಆಗಬಾರದು, ಇದು ಡ್ರೈಯರ್‌ನ ಮೊದಲ ನಿಯಮ. ಬ್ಲೋವರ್ ಕಾಂಟ್ಯಾಕ್ಟರ್ ಕೆ1, ಹೀಟರ್‌ದು ಕೆ2. ಕೆ1ರ 13-14 ಅನ್ನೋ ಎನ್‌ಓ (ಕಾಂಟ್ಯಾಕ್ಟರ್ ಎಳೆದಾಗ ಮಾತ್ರ ಮುಚ್ಚುವ) ಕಾಂಟ್ಯಾಕ್ಟನ್ನು ಕೆ2ರ ಕಾಯಿಲ್‌ಗೆ ಹೋಗುವ ದಾರಿಯಲ್ಲಿ ಸೀರೀಸ್ ಹಾಕುತ್ತೇವೆ. ಬ್ಲೋವರ್‌ನ ಓವರ್‌ಲೋಡ್ ರಿಲೇ (ಮೋಟರ್ ಹೆಚ್ಚು ಕರೆಂಟ್ ಎಳೆದರೆ ಬಿಡಿಸೋದು) ಟ್ರಿಪ್ ಆದರೆ ಕೆ1ರ ಕಾಯಿಲ್ ದಾರಿಯಲ್ಲಿರುವ ಅದರ 95-96 ತೆರೆದುಕೊಂಡು ಕೆ1 ಬೀಳುತ್ತದೆ, ಹಿಂದೆಯೇ ಕೆ2 ಬೀಳುತ್ತದೆ. ತೋಟದ ಪಂಪ್‌ಸೆಟ್ಟಿನ ಡಿಓಎಲ್ ಸ್ಟಾರ್ಟರ್ ಬಿಚ್ಚಿ ನೋಡಿದವರಿಗೆ ಈ ನಂಬರೆಲ್ಲ ಪರಿಚಯ ಇರುತ್ತವೆ. ಈಗ ಡಯಾಗ್ರಾಮ್‌ನಲ್ಲಿ ಪವರ್ ಭಾಗ ಒಂದು ಹಾಳೆಯಲ್ಲಿ, ಕಂಟ್ರೋಲ್ ಭಾಗ ಇನ್ನೊಂದರಲ್ಲಿ ಇರುತ್ತದೆ. ಕೆ1ರ ಮೇನ್ ಕಾಂಟ್ಯಾಕ್ಟ್ ಅಲ್ಲಿ, ಕಾಯಿಲ್ ಇಲ್ಲಿ, 13-14 ಮತ್ತೆಲ್ಲೋ. ಕ್ಯೂಎಲೆಕ್ಟ್ರೋಟೆಕ್‌ನಲ್ಲಿ ಕಾಯಿಲ್‌ಗೆ ಮಾಸ್ಟರ್ ಅಂತಲೂ ಕಾಂಟ್ಯಾಕ್ಟ್‌ಗೆ ಸ್ಲೇವ್ ಅಂತಲೂ ಗುರುತು ಇರುತ್ತದೆ. ಎರಡನ್ನೂ ಲಿಂಕ್ ಮಾಡಿದರೆ ಕಾಯಿಲ್ ಕೆಳಗೆ ಒಂದು ಸಣ್ಣ ಪಟ್ಟಿ ತಾನೇ ಬರುತ್ತದೆ: ಈ ಕಾಯಿಲ್‌ನ ಕಾಂಟ್ಯಾಕ್ಟ್‌ಗಳು ಯಾವ ಹಾಳೆಯ ಯಾವ ಕಾಲಂನಲ್ಲಿವೆ ಅಂತ. ಕಾಂಟ್ಯಾಕ್ಟ್ ಪಕ್ಕದಲ್ಲೂ ಕಾಯಿಲ್‌ನ ಜಾಗ ಬರುತ್ತದೆ. ಕಾಂಟ್ಯಾಕ್ಟನ್ನು ಎಳೆದು ಬೇರೆ ಕಡೆ ಇಟ್ಟರೆ ಪಟ್ಟಿಯೂ ಬದಲಾಗುತ್ತದೆ.

ನಮ್ಮ ಕಡೆ ಕೆಲಸಕ್ಕೆ ಬರುವ ಎಲೆಕ್ಟ್ರಿಷಿಯನ್ ಹುಡುಗ ಬಣ್ಣದ ಚಿತ್ರ ನೋಡಿದಾಗೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ, "ಅಣ್ಣ, ಈ ಕಾಂಟ್ಯಾಕ್ಟು ಯಾವುದರದ್ದು?" ಈ ಪ್ರಿಂಟ್ ಕೊಟ್ಟ ಮೇಲೆ ಅವನೇ ಬೆರಳಿಟ್ಟು ಓದಿಕೊಂಡು ಹೋಗುತ್ತಾನೆ. ನನ್ನ ಮಟ್ಟಿಗೆ ಸಾಫ್ಟ್‌ವೇರ್ ಚೆನ್ನಾಗಿದೆಯಾ ಇಲ್ಲವಾ ಅನ್ನೋದಕ್ಕೆ ಇದೇ ಪರೀಕ್ಷೆ. ಬರೆದವನ ಲ್ಯಾಪ್‌ಟಾಪಲ್ಲಿ ಹೇಗೆ ಕಾಣುತ್ತದೆ ಅನ್ನೋದಲ್ಲ, ಪ್ಯಾನೆಲ್ ಮುಂದೆ ಟೆಸ್ಟರ್ ಹಿಡಿದು ನಿಂತವನಿಗೆ ಅರ್ಥ ಆಗುತ್ತದಾ ಅನ್ನೋದು.

ಇನ್ನೊಂದು ನನಗೆ ಬಹಳ ಉಪಯೋಗಕ್ಕೆ ಬಂದದ್ದು ವೈರ್ ನಂಬರ್. ಇದರಲ್ಲಿ ಗೆರೆ ಅಂದರೆ ಸುಮ್ನೆ ಗೆರೆ ಅಲ್ಲ, ಅದು ಒಂದು ಕಂಡಕ್ಟರ್. ನಂಬರ್, ಬಣ್ಣ, ಎಷ್ಟು ಸ್ಕ್ವೇರ್ ಎಂಎಂ ಅನ್ನೋದನ್ನೆಲ್ಲ ಅದಕ್ಕೇ ತುಂಬಬಹುದು. ಒಂದೇ ಪೊಟೆನ್ಶಿಯಲ್‌ನಲ್ಲಿರುವ (ಅಂದರೆ ಒಂದಕ್ಕೊಂದು ನೇರ ಸೇರಿರುವ) ವೈರ್‌ಗಳಿಗೆಲ್ಲ ಒಟ್ಟಿಗೆ ನಂಬರ್ ಬದಲಾಯಿಸಬಹುದು. ಅದೇ ನಂಬರಿನ ಫೆರೂಲ್ (ವೈರಿಗೆ ತೊಡಿಸುವ ಸಣ್ಣ ನಂಬರ್ ಕೊಳವೆ) ವೈರಿನ ತುದಿಗೆ ಹಾಕಿದರೆ ಡಯಾಗ್ರಾಮ್ ಮತ್ತು ಪ್ಯಾನೆಲ್ ಒಂದೇ ಭಾಷೆ ಆಡುತ್ತವೆ. ಹೀಟರ್ ಟರ್ಮಿನಲ್‌ಗೆ ಹೋಗುವ ಕೊನೆಯ ತುಂಡಿಗೆ ಸಾಮಾನ್ಯ ಪಿವಿಸಿ ವೈರ್ ಆಗೋದಿಲ್ಲ, ಅದರ ಇನ್ಸುಲೇಶನ್ 70 ಡಿಗ್ರಿಗೆ ಮಾಡಿದ್ದು. ಅಲ್ಲಿ ಹೈ ಟೆಂಪರೇಚರ್ ವೈರೇ ಬೇಕು, ಅದನ್ನೂ ಕಂಡಕ್ಟರ್ ಮೇಲೇ ಬರೆದಿಟ್ಟಿದ್ದೇನೆ. ಬದಲಾಯಿಸುವವರು ಯಾರೇ ಇರಲಿ, ನೋಡಿದ ಕೂಡಲೇ ಗೊತ್ತಾಗಬೇಕು.

ನಮ್ಮೂರಿನ ವೋಲ್ಟೇಜ್ ವಿಷಯವೂ ಡಯಾಗ್ರಾಮ್‌ಗೆ ಸೇರಿಕೊಂಡಿತು. ಲೈನಿನ ಕೊನೆಯ ಮನೆ, ಸಂಜೆ ಹೊತ್ತು 200ರ ಆಸುಪಾಸಿಗೆ ಇಳಿಯುತ್ತದೆ. 230ರಲ್ಲಿ 3000 ವ್ಯಾಟ್ ಕೊಡುವ ಹೀಟರ್ 200ರಲ್ಲಿ ಕೊಡೋದು ಸುಮಾರು 2270 ಮಾತ್ರ. ಅದು ಹೋಗಲಿ, ಒಣಗೋದು ಸ್ವಲ್ಪ ತಡ ಆಗುತ್ತದೆ ಅಷ್ಟೇ. ಕಾಂಟ್ಯಾಕ್ಟರ್ ಕಥೆ ಹಾಗಲ್ಲ. 230 ವೋಲ್ಟಿನ ಕಾಯಿಲ್ ಸರಿಯಾಗಿ ಎಳೆಯುತ್ತದೆ ಅನ್ನೋ ಭರವಸೆ ಶೇ. 85ರ ತನಕ, ಅಂದರೆ ಸುಮಾರು 195 ವೋಲ್ಟ್. ಅದರ ಕೆಳಗೆ ಹೋದರೆ ಗರಗರ ಸದ್ದು, ಕಾಂಟ್ಯಾಕ್ಟ್ ಸುಡೋದು. ಹಾಗಾಗಿ ಕಂಟ್ರೋಲ್ ಭಾಗ ಪೂರ್ತಿ 24 ವೋಲ್ಟ್ ಡಿಸಿಗೆ ತಂದೆವು. ಮಧ್ಯೆ ಒಂದು ಎಸ್‌ಎಂಪಿಎಸ್ (230ನ್ನು 24 ವೋಲ್ಟ್ ಡಿಸಿ ಮಾಡುವ ಪವರ್ ಸಪ್ಲೈ), ವೋಲ್ಟೇಜ್ ಸಾಕಷ್ಟು ಇಳಿದರೂ ಅದು ತಡೆದುಕೊಳ್ಳುತ್ತದೆ. ಆಗ ಡಯಾಗ್ರಾಮ್‌ನಲ್ಲಿ 24 ವೋಲ್ಟಿಗೇ ಬೇರೆ ಹಾಳೆ, ಬೇರೆ ಬಣ್ಣ, ಬೇರೆ ನಂಬರ್ ಸಾಲು ಮಾಡಿದೆ. ಒಂದು ಹಾಳೆಯಿಂದ ಇನ್ನೊಂದಕ್ಕೆ ವೈರ್ ಹೋಗುವಲ್ಲಿ ಬಾಣದ ಗುರುತು ಹಾಕಿ ಲಿಂಕ್ ಮಾಡೋಕೆ ಆಗುತ್ತದೆ. ಕೈಯಲ್ಲಿ ಬರೆದ ಡಯಾಗ್ರಾಮ್ ಆಗಿದ್ದರೆ ಇಷ್ಟಕ್ಕೆ ಎಲ್ಲ ಮೊದಲಿನಿಂದ ಬರೆಯಬೇಕಿತ್ತು.

ಕೊರತೆ ಇಲ್ಲವಾ ಅಂದರೆ ಇದೆ. ದೊಡ್ಡದು ಅಂದರೆ ಇದು ತಪ್ಪು ಹಿಡಿಯೋದಿಲ್ಲ. ಫೇಸನ್ನೂ ನ್ಯೂಟ್ರಲನ್ನೂ ನೇರ ಜೋಡಿಸಿ ಗೆರೆ ಎಳೆದರೂ ಸುಮ್ಮನಿರುತ್ತದೆ. ಸರ್ಕ್ಯೂಟ್ ಓಡಿಸಿ ನೋಡೋಕೂ ಆಗೋದಿಲ್ಲ. ಹಾಳೆಯ ಅಳತೆಯನ್ನು ಎ4 ಅಂತ ನೇರ ಕೊಡೋ ಬದಲು ಕಾಲಂ ಮತ್ತು ಸಾಲಿನ ಲೆಕ್ಕದಲ್ಲಿ ಕೊಡಬೇಕು. ಮೊದಲಿಂದ ಇರುವ ಅಗಲದಲ್ಲೇ ಬರೆದು ಎ4ಕ್ಕೆ ಪ್ರಿಂಟ್ ಹಾಕಿದರೆ ಅಕ್ಷರ ಚಿಕ್ಕದಾಗಿ, ಮಬ್ಬು ಬೆಳಕಲ್ಲಿ ಓದೋಕಾಗದು. ಕಾಲಂ ಕಡಿಮೆ ಮಾಡಿ, ಒಂದು ಹಾಳೆ ಜಾಸ್ತಿ ಮಾಡಿಕೊಳ್ಳಿ. ಸಿಂಬಲ್‌ಗಳು ಸಾವಿರಗಟ್ಟಲೆ ಇವೆ, ಆದರೆ ಹುಡುಕೋದು ಅಭ್ಯಾಸ ಆಗಬೇಕು. ನನಗೆ ಬೇಕಾದ ಪಿಐಡಿ ಕಂಟ್ರೋಲರ್ ಅದರ ಟರ್ಮಿನಲ್ ನಂಬರ್ ಸಮೇತ ನಾನೇ ಎಲಿಮೆಂಟ್ ಎಡಿಟರ್‌ನಲ್ಲಿ ಬರೆದುಕೊಂಡೆ. ಒಂದು ಚೌಕ, ಸುತ್ತ ಟರ್ಮಿನಲ್, ಪಕ್ಕದಲ್ಲಿ ನಂಬರ್, ಅಷ್ಟೇ. ಒಮ್ಮೆ ಮಾಡಿಟ್ಟರೆ ಮುಂದಿನ ಕೆಲಸಕ್ಕೂ ಅದೇ ಆಗುತ್ತದೆ.

ತಪ್ಪು ಹಿಡಿಯೋಕೆ ನಾನು ಬಳಸೋದು ಕೇಡ್ ಸಿಮು. ಸ್ಪೇನ್‌ನವರು ಮಾಡಿದ ಸಣ್ಣ ಉಚಿತ ಪ್ರೋಗ್ರಾಂ, ವಿಂಡೋಸ್‌ನಲ್ಲಿ ಮಾತ್ರ. ಕಾಂಟ್ಯಾಕ್ಟರ್, ಪುಶ್ ಬಟನ್, ಓವರ್‌ಲೋಡ್ ಹಾಕಿ ಸಿಮ್ಯುಲೇಶನ್ ಒತ್ತಿದರೆ ಕರೆಂಟ್ ಹರಿಯುವ ದಾರಿ ಬಣ್ಣದಲ್ಲಿ ಕಾಣುತ್ತದೆ. ಬಟನ್ ಮೇಲೆ ಕ್ಲಿಕ್ ಮಾಡಿದರೆ ಕಾಂಟ್ಯಾಕ್ಟರ್ ಎಳೆಯುತ್ತದೆ, ಬಿಡುತ್ತದೆ. ಇಂಟರ್‌ಲಾಕ್, ಅಂದರೆ ಬ್ಲೋವರ್ ಇಲ್ಲದೆ ಹೀಟರ್ ಆನ್ ಆಗದ ಆ ಏರ್ಪಾಟು, ನಿಜವಾಗಿ ಕೆಲಸ ಮಾಡುತ್ತದಾ ಅಂತ ವೈರ್ ಮುಟ್ಟುವ ಮೊದಲೇ ನೋಡಬಹುದು. ಐಟಿಐ ಓದುವ ಮಕ್ಕಳು ಮನೆಯಲ್ಲಿದ್ದರೆ ಖಂಡಿತ ಇದನ್ನು ಹಾಕಿಕೊಡಿ. ಆದರೆ ನಂಬರ್, ಪಾರ್ಟ್ಸ್ ಪಟ್ಟಿ, ನೀಟಾದ ಪ್ರಿಂಟ್ ಇದಕ್ಕೆಲ್ಲ ನಾನು ಕ್ಯೂಎಲೆಕ್ಟ್ರೋಟೆಕ್‌ಗೇ ವಾಪಸ್ ಬರುತ್ತೇನೆ.

ಪ್ಯಾನೆಲ್ ಒಳಗೆ ಯಾವ ಸಾಮಾನು ಎಲ್ಲಿ ಕೂರಬೇಕು, ಸಾಮಾನು ಸಿಕ್ಕಿಸುವ ಡಿನ್ ರೈಲ್ ಎಷ್ಟು ಉದ್ದ, ಗ್ಲ್ಯಾಂಡಿನ ತೂತು ಎಲ್ಲಿ, ಇಂಥ ಚಿತ್ರಕ್ಕೆ ಡ್ರಾ ಡಾಟ್ ಐಓ ಸಾಕು. ಡೆಸ್ಕ್‌ಟಾಪ್‌ಗೂ ಸಿಗುತ್ತದೆ, ಮಳೆಗಾಲದಲ್ಲಿ ನೆಟ್ ಇಲ್ಲದಿದ್ದರೂ ಓಡುತ್ತದೆ. ಸರ್ಕ್ಯೂಟ್ ಬರೆಯೋಕೆ ಮಾತ್ರ ಅದು ಬೇಡ, ಅದಕ್ಕೆ ಗೆರೆ ಗೊತ್ತು, ವೈರ್ ಗೊತ್ತಿಲ್ಲ. ಕೀಕ್ಯಾಡ್ ಒಳ್ಳೆಯ ಸಾಫ್ಟ್‌ವೇರ್, ತಪ್ಪನ್ನೂ ಹಿಡಿಯುತ್ತದೆ, ಆದರೆ ಅದು ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್) ಮಾಡುವವರಿಗೆ. ಬ್ರೆಡ್‌ಬೋರ್ಡ್ ಮೇಲೆ ಆರ್ಡುಯಿನೋ ಇಟ್ಟು ಆಡುವವರಿಗೆ ಫ್ರಿಟ್ಜಿಂಗ್. ಆಟೋಕ್ಯಾಡ್ ಎಲೆಕ್ಟ್ರಿಕಲ್ ದಿನವೂ ಪ್ಯಾನೆಲ್ ಕಟ್ಟಿ ಮಾರುವವರಿಗೆ ಸರಿ. ಒಂದು ಡ್ರೈಯರ್‌ಗೋಸ್ಕರ ವರ್ಷವರ್ಷ ಚಂದಾ ಕಟ್ಟೋದು ಬೇಡ.

ಯಾವುದರಲ್ಲೇ ಬರೆಯಿರಿ, ಇವು ಕೆಲವು ಡಯಾಗ್ರಾಮ್‌ನಲ್ಲಿ ಇರಲೇಬೇಕು ಅಂತ ನನ್ನ ಹಠ. ಎಸ್‌ಎಸ್‌ಆರ್ ಕೆಟ್ಟರೆ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಅಂದರೆ ಪಿಐಡಿ ಆಫ್ ಅಂದರೂ ಹೀಟರ್ ಉರಿಯುತ್ತಲೇ ಇರುತ್ತದೆ. ಅದಕ್ಕೆ ಅದರ ಹಿಂದೆ ಕಾಂಟ್ಯಾಕ್ಟರ್ ಬೇಕು, ಆ ಕಾಂಟ್ಯಾಕ್ಟರ್‌ನ ಕಾಯಿಲ್ ದಾರಿಯಲ್ಲಿ ಪಿಐಡಿಗೆ ಸಂಬಂಧವೇ ಇಲ್ಲದ ಒಂದು ಥರ್ಮಲ್ ಕಟೌಟ್ (ಬಿಸಿ ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್) ಬೇಕು. ಕೆ1ರ 13-14 ಹೇಳೋದು ಕಾಂಟ್ಯಾಕ್ಟರ್ ಎಳೆದಿದೆ ಅಂತ ಮಾತ್ರ, ಗಾಳಿ ಬರ್ತಿದೆ ಅಂತಲ್ಲ. ಬ್ಲೋವರ್ ತಂತಿ ಕಳಚಿದ್ದರೂ ಅದು ಮುಚ್ಚಿಯೇ ಇರುತ್ತದೆ. ಕಟೌಟ್ ಇರಲೇಬೇಕು ಅನ್ನೋದಕ್ಕೆ ಇದೂ ಒಂದು ಕಾರಣ. 13 ಆಂಪ್ ಹೋಗುವಾಗ ಎಸ್‌ಎಸ್‌ಆರ್ ತಾನೇ ಸುಮಾರು 15 ವ್ಯಾಟ್ ಬಿಸಿ ಬಿಡುತ್ತದೆ, ಹೀಟ್‌ಸಿಂಕ್ ಹಾಕಿ, ಅದನ್ನು ಲೇಔಟ್ ಚಿತ್ರದಲ್ಲೂ ತೋರಿಸಿ.

ಮತ್ತೆ 30 ಮಿಲಿಆಂಪಿನ ಆರ್‌ಸಿಸಿಬಿ, ಡ್ರೈಯರ್‌ಗೆ ಅಂತಲೇ ಬೇರೆ. ನಮ್ಮ ಕಡೆ ನೆಲ ಯಾವಾಗಲೂ ತೇವ, ಇದರಲ್ಲಿ ರಾಜಿ ಇಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದ ಹೀಟರ್‌ನ ಒಳಪುಡಿ ತೇವ ಎಳೆದುಕೊಂಡು, ಮೊದಲ ಸಲ ಆನ್ ಮಾಡಿದಾಗ ಆರ್‌ಸಿಸಿಬಿ ಬೀಳೋದು ಉಂಟು. ಆಗ ಆರ್‌ಸಿಸಿಬಿಯನ್ನು ಬೈಪಾಸ್ ಮಾಡುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಹೀಟರ್ ಬಿಚ್ಚಿ ಒಣಗಿಸಿ, ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಾಕಿ ನೋಡಿ, ಆಮೇಲೆ ಜೋಡಿಸಿ. ನನ್ನ ಮೊದಲ ಹಾಳೆಯಲ್ಲಿ ಆರ್‌ಸಿಸಿಬಿ ಸಿಂಬಲ್ ಪಕ್ಕದಲ್ಲೇ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ಕನ್ನಡ ಫಾಂಟ್ ಆರಿಸಿಕೊಂಡರೆ ಟೆಕ್ಸ್ಟ್ ಫೀಲ್ಡಿನಲ್ಲಿ ಕನ್ನಡ ಬರೆಯಬಹುದು.

ಕೊನೆಗೆ ಫೈಲ್ ವಿಷಯ. ಇದರ ಪ್ರಾಜೆಕ್ಟ್ ಫೈಲ್ ಎಕ್ಸ್‌ಎಂಎಲ್, ನೋಟ್‌ಪ್ಯಾಡಲ್ಲಿ ತೆಗೆದರೂ ಓದಬಹುದಾದ ಅಕ್ಷರ. ಹತ್ತು ವರ್ಷ ಬಿಟ್ಟು ಬೇಕಾದರೂ ತೆಗೆಯಬಹುದು ಅನ್ನೋ ಧೈರ್ಯ ನನಗಿದೆ. ಪ್ರತಿ ಬದಲಾವಣೆ ಆದಾಗ ಟೈಟಲ್ ಬ್ಲಾಕಿನಲ್ಲಿ ತಾರೀಕು ತಿದ್ದಿ, ಪಿಡಿಎಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ವಾಟ್ಸಾಪ್ ಮಾಡುತ್ತೇನೆ. ಪ್ರಿಂಟನ್ನು ಶಿವಮೊಗ್ಗಕ್ಕೆ ಹೋದಾಗ ಲ್ಯಾಮಿನೇಶನ್ ಮಾಡಿಸಿ ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸುತ್ತೇನೆ. ಲ್ಯಾಮಿನೇಶನ್ ಅಂಚು ಸ್ವಲ್ಪ ಅಗಲ ಬಿಡಿಸಿ, ಕಾಗದದ ತುದಿಗೇ ಕತ್ತರಿಸಿದರೆ ಅಲ್ಲಿಂದಲೇ ತೇವ ಒಳಗೆ ಹೋಗುತ್ತದೆ.