ಬೆಳಗಾವಿ ಮಳೆಗಾಲ ದಾಟಿದ ಬದಲಿ ಡಿಸ್‌ಪ್ಲೇ: ಪಿಎಸ್‌ಪಿ 3000 ಬಳಕೆದಾರನ ಅನುಭವ

ಡಿಸ್‌ಪ್ಲೇ ಚೆನ್ನಾಗಿಯೇ ಇದೆ. ಆದರೆ ಇದನ್ನು ತರಿಸಿಕೊಳ್ಳುವ ಎಷ್ಟೋ ಜನರಿಗೆ ಇದು ಬೇಕಾಗಿಯೇ ಇರುವುದಿಲ್ಲ. ಎರಡನ್ನೂ ಹೇಳದೆ ವಿಮರ್ಶೆ ಬರೆದರೆ ಅರ್ಧ ಸುಳ್ಳು ಹೇಳಿದ ಹಾಗೆ.

ಸೋನಿಯ ಪಿಎಸ್‌ಪಿ 3000 ಅನ್ನುವ, ಕೈಯಲ್ಲಿ ಹಿಡಿದು ಆಡುವ ಗೇಮ್ ಸೆಟ್ ಬಂದದ್ದು 2008ರಲ್ಲಿ. ಪರದೆ 4.3 ಇಂಚು, 480 x 272 ಪಿಕ್ಸೆಲ್. ಈಗ ಕಂಪನಿಯೇ ಮಾಡಿದ ಹೊಸ ಪರದೆ ಸಿಗುತ್ತದೆ ಅನ್ನುವ ಆಸೆ ಬಿಟ್ಟುಬಿಡಿ. ಆನ್‌ಲೈನ್‌ನಲ್ಲಿ ಸಿಗುವುದು ಒಂದೋ ಬೇರೆಯವರು ಮಾಡಿದ ಬದಲಿ ಪರದೆ, ಇಲ್ಲವೇ ಹಳೆಯ ಸೆಟ್‌ನಿಂದ ಕಿತ್ತದ್ದು. ನಾನು ಹಾಕಿರುವುದು ಬದಲಿ. ಗಾಜು ಒಡೆದು ಶಾಯಿ ಚೆಲ್ಲಿದಂತೆ ಕಪ್ಪು ಕಲೆ ಹರಡಿದ್ದ ಸೆಟ್ ಅದು. ಬೇರೆ ದಾರಿ ಇರಲಿಲ್ಲ.

ಬಣ್ಣದ ಮಾತು ಮೊದಲು. ಮೂಲ ಪರದೆಯ ಕೆಂಪು ಗಾಢ. ಇದರಲ್ಲಿ ಎಲ್ಲವೂ ತುಸು ನೀಲಿ ಕಡೆಗೆ ವಾಲುತ್ತದೆ. ಎರಡು ಸೆಟ್ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ, ಒಂದೇ ನೋಡುವವನಿಗೆ ಇಲ್ಲ. ಕತ್ತಲೆ ದೃಶ್ಯದಲ್ಲಿ ಕೆಳಗಿನ ಒಂದು ಮೂಲೆ ಉಳಿದದ್ದಕ್ಕಿಂತ ಜಾಸ್ತಿ ಬೆಳಗುತ್ತದೆ. ಮೊದಲ ದಿನವೇ ಹೀಗಿತ್ತು, ಈಗಲೂ ಹಾಗೇ ಇದೆ, ಹರಡಿಲ್ಲ. ವೇಗದ ಆಟಗಳಲ್ಲಿ ಅಡ್ಡ ಗೆರೆಗಳು ಮಿಂಚಿದಂತೆ ಕಾಣುತ್ತವೆ. ಅದಕ್ಕೆ ಬದಲಿ ಪರದೆಯನ್ನು ಬೈಯುವಂತಿಲ್ಲ. 3000 ಬಿಡುಗಡೆಯಾದಾಗಲೇ ಜನ ಈ ದೂರು ಹೇಳಿದ್ದರು. ಅದು ಪರದೆಯ ಗುಣ, ಸಾಫ್ಟ್‌ವೇರ್ ಅಪ್‌ಡೇಟ್‌ನಿಂದ ಸರಿಯಾಗುವುದಿಲ್ಲ ಅಂತ ಸೋನಿಯೇ ಒಪ್ಪಿಕೊಂಡಿತ್ತು.

ಇನ್ನು ಮಳೆ. ಬೆಳಗಾವಿಯ ಟಿಳಕವಾಡಿಯಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಶುರುವಾದರೆ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ. ಕಪಾಟಿನಲ್ಲಿ ಸುಮ್ನೆ ಬಿದ್ದಿರುವ ಎಲೆಕ್ಟ್ರಾನಿಕ್ ಸಾಮಾನಿಗೂ ಅದೇ ಗತಿ. ಒಂದು ಆಗಸ್ಟ್‌ನಲ್ಲಿ ಪರದೆ ಮಿಣುಕತೊಡಗಿತು. ಬಿಚ್ಚಿದರೆ ಪರದೆಗೆ ಏನೂ ಆಗಿರಲಿಲ್ಲ. ಪರದೆಯಿಂದ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಹೋಗುವ ಚಪ್ಪಟೆ ಕೇಬಲ್, ಅಂದರೆ ಸ್ಟ್ರಿಪ್, ಹೋಗಿ ಕೂರುವ ಸಾಕೆಟ್ ಮಂಕಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗಿಸಿ, ಮತ್ತೆ ಕೂರಿಸಿದೆ. ಅಲ್ಲಿಂದ ಈಚೆಗೆ ತಕರಾರಿಲ್ಲ. ಈಗ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇನೆ, ಬ್ಯಾಟರಿ ಬೇರೆ ಮಾಡಿ. ಹಳೆಯ ಬ್ಯಾಟರಿ ಉಬ್ಬುವ ಜಾತಿ. ಒಳಗೇ ಬಿಟ್ಟರೆ ಹಿಂದಿನ ಮುಚ್ಚಳವನ್ನೇ ಎತ್ತಿಬಿಡುತ್ತದೆ.

ಈಗ ಮುಖ್ಯ ವಿಷಯ. ನಾನು ರಿಪೇರಿ ಮಾಡುತ್ತೇನೆ ಅಂತ ಗೊತ್ತಾದ ಮೇಲೆ ಗಲ್ಲಿಯ ಹುಡುಗರು ತಮ್ಮ ಸೆಟ್ ತರಲು ಶುರು ಮಾಡಿದರು. ಸಾಮಾನ್ಯವಾಗಿ ದೂರು ಒಂದೇ: "ಕಾಕಾ, ಆವಾಜ್ ಬರಾಕತ್ತೈತಿ, ಚಿತ್ರಾನ ಕಾಣವಲ್ದು." ಅದಕ್ಕೂ ಮೊದಲು ಯಾವುದಾದರೂ ಮೊಬೈಲ್ ಅಂಗಡಿಗೆ ಹೋಗಿ ಬಂದಿರುತ್ತಾರೆ. ಅಲ್ಲಿ ಬಿಚ್ಚದೆಯೇ ತೀರ್ಪು ಬಂದಿರುತ್ತದೆ: "ಡಿಸ್‌ಪ್ಲೇ ಹೋಗೈತಿ, ಹೊಸಾದ ಹಾಕಬೇಕ."

ಆವಾಜ್ ಬರುತ್ತಿದ್ದರೆ ಬೋರ್ಡ್ ಬದುಕಿದೆ. ಅಷ್ಟು ಸಮಾಧಾನ ಮೊದಲೇ ಸಿಕ್ಕಿತು. ಆಮೇಲೆ ಪರದೆಯ ಕೆಳಗಿರುವ ಡಿಸ್‌ಪ್ಲೇ ಬಟನ್ ನೋಡಿ. ಅದನ್ನು ಸುಮ್ಮನೆ ಒತ್ತಿದರೆ ಬೆಳಕು ಹೆಚ್ಚುಕಡಿಮೆಯಾಗುತ್ತದೆ. ಕೊಂಚ ಹೊತ್ತು ಒತ್ತಿ ಹಿಡಿದರೆ ಪರದೆ ಪೂರ್ತಿ ಆರುತ್ತದೆ. ಅದು ಕೆಟ್ಟದ್ದಲ್ಲ, ಹಾಗೇ ಮಾಡಿದ್ದಾರೆ. ಬೇರೆ ಬಟನ್ ಒತ್ತಿದರೆ ವಾಪಸ್ ಬರುತ್ತದೆ. ನಗಬೇಡಿ, ಇಷ್ಟಕ್ಕೇ ಮುಗಿದ ರಿಪೇರಿಯೂ ಇದೆ.

ಅದಲ್ಲ ಅಂದರೆ ಟಾರ್ಚ್ ತೆಗೆದುಕೊಳ್ಳಿ. ಕೋಣೆ ಕತ್ತಲೆ ಮಾಡಿ, ಸೆಟ್ ಆನ್ ಮಾಡಿ, ಪರದೆಯ ಮೇಲೆ ಓರೆಯಾಗಿ ಬೆಳಕು ಬಿಡಿ. ಮೆನು ಮಬ್ಬಾಗಿ ಕಂಡರೆ ಚಿತ್ರ ಬರುತ್ತಿದೆ, ಹಿಂದಿನ ಲೈಟ್ ಮಾತ್ರ ಬರುತ್ತಿಲ್ಲ. ಮೊಬೈಲ್ ರಿಪೇರಿಯವರು 'ಲೈಟ್ ಸೆಕ್ಷನ್' ಅನ್ನುವುದು ಇದನ್ನೇ. ಪರದೆಯ ಹಿಂದಿನ ಬಿಳಿ ಎಲ್‌ಇಡಿಗಳಿಗೆ ಬ್ಯಾಟರಿಯ 3.6 ವೋಲ್ಟ್ ಸಾಲದು. ಬೋರ್ಡಿನಲ್ಲಿ ಅದನ್ನು ಏರಿಸಿ ಕೊಡುವ ಭಾಗವಿದೆ, ಆ ದಾರಿಯಲ್ಲಿ ಒಂದು ಪುಟ್ಟ ಫ್ಯೂಸ್ ಇದೆ. ರಾಗಿ ಕಾಳಿನಷ್ಟು. ಬ್ಯಾಟರಿ ತೆಗೆದು, ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ ಹಾಕಿ, ಫ್ಯೂಸಿನ ಎರಡು ತುದಿ ಮುಟ್ಟಿಸಿ. ಬೀಪ್ ಬರದಿದ್ದರೆ ಫ್ಯೂಸ್ ಹೋಗಿದೆ. ಸಾದಾ ಹಳದಿ ಮೀಟರ್ ಸಾಕು, ದುಬಾರಿಯದ್ದು ಬೇಕಿಲ್ಲ.

ಫ್ಯೂಸ್ ತಾನಾಗಿ ಹೋಗುವುದು ಕಡಿಮೆ. ಯಾರೋ ಬ್ಯಾಟರಿ ಹಾಕಿಟ್ಟುಕೊಂಡೇ ಸ್ಟ್ರಿಪ್ ಕಿತ್ತು ಹಾಕಿರುತ್ತಾರೆ. ಇಲ್ಲವೇ ಲೈಟಿನ ಸ್ಟ್ರಿಪ್ ಓರೆಯಾಗಿ ಕೂತು ಪಕ್ಕದ ಪಿನ್‌ಗೆ ತಾಗಿ ಶಾರ್ಟ್ ಆಗಿರುತ್ತದೆ. ಇಂಥ ಸೆಟ್‌ಗೆ ಹೊಸ ಪರದೆ ಹಾಕಿದರೂ ಕತ್ತಲೆಯೇ. ಆಮೇಲೆ 'ಕೆಟ್ಟ ಮಾಲು ಕಳಿಸಿದರು' ಅಂತ ಒಂದು ಸ್ಟಾರ್ ಕೊಟ್ಟವರನ್ನು ನೋಡಿದ್ದೇನೆ. ಫ್ಯೂಸ್ ಜಾಗದಲ್ಲಿ ಬರೀ ತಂತಿ ಬೆಸೆದು (ಜಂಪರ್ ಹೊಡೆದು) ಕೊಡುವ ಅಂಗಡಿಗಳೂ ಇವೆ. ಲೈಟ್ ಬರುತ್ತದೆ, ಗಿರಾಕಿ ಖುಷಿ. ಮುಂದೆ ಶಾರ್ಟ್ ಆದರೆ ಮಾತ್ರ ಫ್ಯೂಸ್ ಬದಲು ವೋಲ್ಟ್ ಏರಿಸುವ ಕಾಯಿಲ್ ಅಥವಾ ಐಸಿ ಚಿಪ್ಪೇ ಸುಡುತ್ತದೆ. ನನ್ನ ಪ್ರಕಾರ ಅದು ರಿಪೇರಿಯೇ ಅಲ್ಲ.

ಪರದೆ ಬರೀ ಬೆಳ್ಳಗೆ ಇದ್ದರೆ ಲೆಕ್ಕ ತಿರುಗುಮುರುಗು. ಲೈಟ್ ಇದೆ, ಚಿತ್ರದ ಸಿಗ್ನಲ್ ತಲುಪುತ್ತಿಲ್ಲ. ಅಗಲದ ಸ್ಟ್ರಿಪ್ ಸಡಿಲವಾಗಿದೆಯಾ, ಅದನ್ನು ಹಿಡಿಯುವ ಕಿರು ಲಾಕ್ ಮುರಿದಿದೆಯಾ ನೋಡಿ. ಬಿದ್ದ ಸೆಟ್‌ಗಳಲ್ಲಿ ಇದು ಸಾಮಾನ್ಯ.

ಗೆರೆಗಳು ಬಂದರೆ ಸ್ವಲ್ಪ ತಲೆನೋವು. 3000ಕ್ಕೆ ಟಿವಿ ಔಟ್ ಇರುವುದು ಇಲ್ಲಿ ವರ. ಹಳದಿ-ಕೆಂಪು-ಬಿಳಿ ಪಿನ್‌ನ ಎವಿ ಕೇಬಲ್ ಸಿಕ್ಕಿಸಿ, ಡಿಸ್‌ಪ್ಲೇ ಬಟನ್ 5 ಸೆಕೆಂಡ್ ಒತ್ತಿ ಹಿಡಿದರೆ ಚಿತ್ರ ಟಿವಿಗೆ ಹೋಗುತ್ತದೆ. ಪರದೆ ಪೂರ್ತಿ ಸತ್ತಿದ್ದರೂ ಈ ಪರೀಕ್ಷೆ ಮಾಡಬಹುದು. ಟಿವಿಯಲ್ಲೂ ಗೆರೆ ಇದ್ದರೆ ಬೋರ್ಡ್ ತೊಂದರೆ, ಪರದೆಗೆ ದುಡ್ಡು ಹಾಕಬೇಡಿ. ಟಿವಿಯಲ್ಲಿ ಸ್ವಚ್ಛವಾಗಿದ್ದು, ಸ್ಟ್ರಿಪ್ ಒರೆಸಿ ಕೂರಿಸಿದರೂ ಸೆಟ್‌ನಲ್ಲಿ ಗೆರೆ ಉಳಿದರೆ ಗಾಜಿನ ಅಂಚಿನ ಜೋಡಣೆ ಬಿಟ್ಟಿದೆ, ಪರದೆ ಬದಲಿಸಿ. ಬೇರೆ ಗೇಮ್ ಸೆಟ್‌ಗಳ ಕಥೆಯೇ ಬೇರೆ. ನಿಂಟೆಂಡೊದ 1989ರ ಮೊದಲ ಗೇಮ್‌ಬಾಯ್‌ನಲ್ಲಿ ಕಾಣೆಯಾದ ಉದ್ದ ಗೆರೆಗಳನ್ನು ಪರದೆಯ ಕೆಳಗಿನ ಸ್ಟ್ರಿಪ್ ಮೇಲೆ ಕಾದ ಸೋಲ್ಡರಿಂಗ್ ಐರನ್ ಮೆಲ್ಲಗೆ ಎಳೆದು ವಾಪಸ್ ತರುತ್ತಾರೆ. ಆ ಯುಕ್ತಿಯನ್ನು ಪಿಎಸ್‌ಪಿ ಮೇಲೆ ಪ್ರಯೋಗಿಸಬೇಡಿ, ಇಲ್ಲಿನ ಎಳೆಗಳು ತೀರಾ ಸಣ್ಣವು. ಸೆಗಾ ಗೇಮ್ ಗಿಯರ್ ಇಟ್ಟುಕೊಂಡವರಿಗೆ ಬೇರೆಯೇ ರೋಗ: ಕೆಪಾಸಿಟರ್ ಸೋರಿ ಚಿತ್ರವೂ ಮಬ್ಬು, ದನಿಯೂ ಸಣ್ಣ. ನಿಂಟೆಂಡೊ ಸ್ವಿಚ್‌ನಲ್ಲಿ ಮತ್ತೆ ಬ್ಯಾಕ್‌ಲೈಟ್ ಫ್ಯೂಸಿನ ಕಥೆಯೇ, ಬಿಚ್ಚಲು ಮಾತ್ರ ಮೂರು ಎಸಳಿನ ಸ್ಕ್ರೂಡ್ರೈವರ್ ಬೇಕು.

ಹಾಕುವ ಕೆಲಸ ಕಷ್ಟವಲ್ಲ. ಬ್ಯಾಟರಿ ಮೊದಲು ಹೊರಗೆ. ಬ್ಯಾಟರಿ ಗೂಡಿನ ಸ್ಟಿಕ್ಕರ್ ಕೆಳಗೂ ಸ್ಕ್ರೂ ಅಡಗಿರುತ್ತದೆ. ಅದನ್ನು ಮರೆತು ಮುಂಭಾಗ ಎಳೆದರೆ ಪ್ಲಾಸ್ಟಿಕ್ ಸೀಳುತ್ತದೆ. ಬಟನ್ ಪಟ್ಟಿ ಬಿಡಿಸಿ, ಪರದೆಯನ್ನು ಪ್ಲಾಸ್ಟಿಕ್ ತುಂಡಿನಿಂದ ಮೆಲ್ಲಗೆ ಎತ್ತಿ. ಸ್ಕ್ರೂಡ್ರೈವರ್ ತುದಿ ಬೇಡ, ಹೊಸ ಗಾಜು ಒಡೆಯುವುದು ಅಲ್ಲೇ. ಸ್ಟ್ರಿಪ್‌ಗಳ ಲಾಕ್ ಎತ್ತಿ ಬಿಚ್ಚಿ, ಎಳೆಯಬೇಡಿ. ಹೊಸದರ ಮೇಲಿನ ತೆಳು ಹಾಳೆಯನ್ನು ಮುಂಭಾಗ ಮುಚ್ಚುವ ಕ್ಷಣದಲ್ಲಿ ಮಾತ್ರ ತೆಗೆಯಿರಿ, ಫ್ಯಾನ್ ಆಫ್ ಮಾಡಿ. ವಿಜಯಪುರದ ನಮ್ಮ ಭಾವನವರು ಬೇಸಿಗೆಯಲ್ಲಿ ಫ್ಯಾನ್ ಕೆಳಗೇ ಕೂತು ಹಾಕಿದರು. ಈಗ ಅವರ ಆಟಗಳಲ್ಲೆಲ್ಲ ನಕ್ಷತ್ರ ಕಾಣುತ್ತವೆ, ಹಗಲಿನ ದೃಶ್ಯದಲ್ಲೂ.

ನಾನು ಕೊಂಡಾಗ ಬೆಲೆ 2,000 ರೂಪಾಯಿ ಆಸುಪಾಸು ಇತ್ತು. ಹಳೆಯ ಸೆಟ್‌ಗೆ ಇದು ಕಡಿಮೆಯೇನಲ್ಲ. ಗಾಜು ಒಡೆದಿದ್ದು, ಸೆಟ್‌ನ ಉಳಿದದ್ದೆಲ್ಲ ಗಟ್ಟಿಯಾಗಿದ್ದರೆ ಹಾಕಿಸಿ. ಅನಲಾಗ್ ಸ್ಟಿಕ್, ಡಿಸ್ಕ್ ಡ್ರೈವ್ ಕೂಡ ಕೈಕೊಟ್ಟಿದ್ದರೆ ನಾನಂತೂ ಹಾಕಿಸುವುದಿಲ್ಲ. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ. ನನಗೆ ಮೊದಲು ಬಂದದ್ದರ ಮೂಲೆಯೇ ಒಡೆದಿತ್ತು, ವಿಡಿಯೊ ಇದ್ದದ್ದಕ್ಕೆ ಮಾರಿದವರು ತಕರಾರಿಲ್ಲದೆ ಬದಲಿಸಿದರು.

ಆರ್ಡರ್ ಮಾಡುವ ಮುಂಚೆ ಸೆಟ್‌ನ ಮಾಡೆಲ್ ಸಂಖ್ಯೆ ಓದಿ. 3001, 3004 ಅಂತ ಕೊನೆಯ ಅಂಕಿ ಬೇರೆ ಇದ್ದರೆ ಚಿಂತೆಯಿಲ್ಲ, ಅದು ಯಾವ ದೇಶಕ್ಕೆ ಮಾರಿದ್ದು ಅನ್ನುವುದನ್ನಷ್ಟೇ ಹೇಳುತ್ತದೆ. ಪರದೆ ಒಂದೇ. ಆದರೆ ಪಿಎಸ್‌ಪಿಯ ಹಿಂದಿನ 2000 ಸರಣಿಯದ್ದು 3000ಕ್ಕೆ ಕೂರುವುದಿಲ್ಲ, ಆಮೇಲೆ ಬಂದ ಇ1000 ಮಾಡೆಲ್‌ನದ್ದೂ ಅಷ್ಟೇ. 'ಎರಡಕ್ಕೂ ಆಗುತ್ತದೆ' ಅಂತ ಬರೆದು ಮಾರುವವರು ಕಂಡರೆ ಮುಂದಿನವರನ್ನು ನೋಡಿ.