ನೀರು ಕೂಡಿಟ್ಟವರೋ, ಕಾಳು ಕೂಡಿಟ್ಟವರೋ?

ಪ್ರಾಚೀನರು ಬರವನ್ನು ಹೇಗೆ ಎದುರಿಸಿದರು ಎಂದು ಓದಲು ಹೊರಟವರಿಗೆ ಎರಡು ಒಳ್ಳೆಯ ದಾರಿಗಳಿವೆ: ಮಧ್ಯ ಅಮೆರಿಕದ ಮಾಯಾ ಜನರ ಟಿಕಾಲ್ ನಗರ, ಇಲ್ಲವೇ ನೈಲ್ ದಂಡೆಯ ಈಜಿಪ್ಟ್.

ಟಿಕಾಲ್‌ನಲ್ಲಿ ನದಿಯೇ ಇರಲಿಲ್ಲ. ಗಾರೆ ಬಳಿದ ಅಂಗಳಗಳನ್ನೇ ಇಳಿಜಾರಾಗಿ ಕಟ್ಟಿ, ಬಿದ್ದ ಮಳೆಯನ್ನೆಲ್ಲ ಕೆರೆಗಳಿಗೆ ಹರಿಸಿದರು. ಒಂದು ಕೆರೆಯಲ್ಲಂತೂ ಸ್ಫಟಿಕದ ಮರಳು, ಜಿಯೋಲೈಟ್ ಎಂಬ ಖನಿಜ ಸಿಕ್ಕಿವೆ. ನೀರು ಸೋಸಲು ಎಂಬುದು ಸಂಶೋಧಕರ ಊಹೆ. ವಿಪರ್ಯಾಸ ನೋಡಿ, ಅರಮನೆ ಪಕ್ಕದ ಕೆರೆಗೇ ಬಳಿಯುವ ಕೆಂಪು ಬಣ್ಣದಲ್ಲಿದ್ದ ಪಾದರಸ ಸೇರಿ ವಿಷವಾಗಿತ್ತು. 9ನೇ ಶತಮಾನದ ಬರಗಾಲಗಳ ಹೊತ್ತಿಗೆ ಊರು ಬರಿದಾಗತೊಡಗಿತು. ಅಲ್ಲಿನ ಕೊನೆಯ ತೇದಿಯುಳ್ಳ ಶಿಲಾಸ್ತಂಭ ಕ್ರಿ.ಶ. 869ರದ್ದು.

ಈಜಿಪ್ಟಿನವರದು ಲೆಕ್ಕದ ದಾರಿ: ನೈಲ್ ಎಷ್ಟು ಏರಿತೆಂದು ಮೆಟ್ಟಿಲ ಗುರುತುಗಳಲ್ಲಿ ಅಳೆಯುವುದು, ಕಣಜ ತುಂಬಿಸುವುದು. 12 ಮೊಳವೆಂದರೆ ಹಸಿವು, 16 ಎಂದರೆ ಹಬ್ಬ ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಪಿರಮಿಡ್ಡುಗಳನ್ನು ಕಟ್ಟಿದ ‘ಹಳೆಯ ಸಾಮ್ರಾಜ್ಯ’ ಕುಸಿದ ನಂತರದ ಕ್ಷಾಮದಲ್ಲಿ ತನ್ನ ಸೀಮೆಯಲ್ಲಿ ಯಾರೂ ಹಸಿವಿನಿಂದ ಸಾಯಲಿಲ್ಲವೆಂದು ಅಂಖ್ತಿಫಿ ಎಂಬ ಪ್ರಾಂತ್ಯಾಧಿಕಾರಿ ಗೋರಿಯ ಗೋಡೆಯಲ್ಲಿ ಕೊಚ್ಚಿಕೊಂಡಿದ್ದಾನೆ. ಅರ್ಧ ನಂಬಿದರೆ ಸಾಕು.

ತಂತ್ರಜ್ಞಾನದ ಕುತೂಹಲವಿದ್ದರೆ ಟಿಕಾಲ್ ಆರಿಸಿಕೊಳ್ಳಿ. ಆಡಳಿತ, ಬರಹ, ಸುಳ್ಳು ಬಡಾಯಿಗಳ ರುಚಿಯಿದ್ದರೆ ಈಜಿಪ್ಟ್. ನನ್ನ ಮತ ಟಿಕಾಲ್‌ಗೆ: ಅಲ್ಲಿ ಕೆರೆಯ ಕೆಸರೇ ಸಾಕ್ಷಿ ಹೇಳುತ್ತದೆ.